ಮನೆಯ ಸಾಲಕ್ಕೆಲ್ಲ ಒಂದೇ ಪುಟ

ಕ್ರೆಡಿಟ್ ಕಾರ್ಡ್ ಬೆಂಗಳೂರಿನ ಸಂಬಳದಾರರ ತಲೆನೋವು ಎಂಬ ಮಾತು ಕೆ.ಆರ್.ಪೇಟೆ ಸೀಮೆಗೆ ಈಗ ಹೊಂದುವುದಿಲ್ಲ. ಹೊಸಹೊಳಲಿನಂಥ ಊರಿನ ಒಂದು ಸಾಧಾರಣ ಮನೆಯಲ್ಲಿ ಯಾರ ಹೆಸರಲ್ಲಿ ಎಷ್ಟು ಸಾಲವಿದೆ ಎಂದು ಕೂತು ಬರೆದರೆ ಪಟ್ಟಿ ಹೀಗಿರುತ್ತದೆ: ಅಪ್ಪನ ಹೆಸರಿನಲ್ಲಿ ಸೊಸೈಟಿಯ ಬೆಳೆ ಸಾಲ ಅಥವಾ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್, ಅಮ್ಮನ ಹೆಸರಿನಲ್ಲಿ ಸಂಘದ ಕಿರುಸಾಲ, ಒಂದೋ ಎರಡೋ, ಪೇಟೆಯ ಯಾವುದೋ ಫೈನಾನ್ಸಿನಲ್ಲಿ ಅಡವಿಟ್ಟ ಸರ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕಿರುವ ಮಗನ ಹತ್ತಿರ ಎರಡು ಮೂರು ಕ್ರೆಡಿಟ್ ಕಾರ್ಡು, ಮೇಲೊಂದು ಬೈಕಿನ ಕಂತು. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾದ ಮೇಲೆ, ಅಂಗಡಿಯ ಮುಂದೆ ಫೋನ್ ಹಿಡಿದವನು ಕೊಡುತ್ತಿರುವುದು ತನ್ನ ಹಣವೋ ಬ್ಯಾಂಕಿನ ಹಣವೋ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ, ಎಷ್ಟೋ ಸಲ ಅವನಿಗೂ ನೆನಪಿರುವುದಿಲ್ಲ. ಇಂಥ ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಸಾಲದ ಲೆಕ್ಕವನ್ನು ಸರಿಯಾಗಿಯೇ ಇಟ್ಟಿರಬಹುದು. ಆದರೂ ಮನೆ ಮುಳುಗಬಹುದು. ಲೆಕ್ಕ ಕಾರ್ಡಿಗೊಂದರಂತೆ, ಆಳಿಗೊಂದರಂತೆ ಇದ್ದರೆ ಸಾಲದು, ಮನೆಗೆ ಒಂದು ಪುಟ ಇರಬೇಕು ಎಂಬುದು ನನ್ನ ವಾದ. ಸಾಲವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ್ದು ಲಾಭವೋ ನಷ್ಟವೋ ಎಂಬುದೂ ಆ ಪುಟದಲ್ಲಿ ಮಾತ್ರ ಗೊತ್ತಾಗುತ್ತದೆ.

ಆ ಪುಟದಲ್ಲಿ ಮೊದಲು ಸರಿಯಾಗಬೇಕಾದದ್ದು ಬಡ್ಡಿಯ ಅಳತೆ. ಸೊಸೈಟಿ ವರ್ಷದ ಲೆಕ್ಕದಲ್ಲಿ ಮಾತನಾಡುತ್ತದೆ, ಸಂಘ ಕಂತಿನ ಲೆಕ್ಕದಲ್ಲಿ, ಕೈಸಾಲ ಕೊಡುವವರು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು. ಒಂದೊಂದು ಒಂದೊಂದು ಭಾಷೆಯಲ್ಲಿದ್ದರೆ ಹೋಲಿಸುವುದು ಹೇಗೆ? ನಾನು ಎಲ್ಲವನ್ನೂ ಊರಿನ ಅಳತೆಗೇ ತಂದು ನೋಡುತ್ತೇನೆ. ಸರಿಯಾಗಿ ಕಟ್ಟುವ ಕಿಸಾನ್ ಕಾರ್ಡಿನವರಿಗೆ 3 ಲಕ್ಷದವರೆಗಿನ ಬೆಳೆ ಸಾಲ ವರ್ಷಕ್ಕೆ ಶೇ 4ಕ್ಕೆ ಬೀಳುತ್ತದೆ. ಅಂದರೆ ನೂರಕ್ಕೆ ತಿಂಗಳಿಗೆ ಮೂವತ್ತಮೂರು ಪೈಸೆ. ರಾಜ್ಯದ ಸಹಕಾರ ಸಂಘಗಳಲ್ಲಿ 2023-24ರಿಂದ 5 ಲಕ್ಷದವರೆಗೆ ಶೂನ್ಯ ಬಡ್ಡಿ, ಗಡುವಿನೊಳಗೆ ಕಟ್ಟಿದರೆ. ಬ್ಯಾಂಕಿನ ಚಿನ್ನದ ಸಾಲ ಒಂದು ರೂಪಾಯಿಯೊಳಗೆ ಸಿಗುತ್ತದೆ. ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಶೇ 3.5 ಸಾಮಾನ್ಯ ದರ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಸೇರಿಸಿದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ರಕ್ತ ಹೀರುವವನು ಎಂದು ಬೈಯುವ ಊರಿನಲ್ಲಿ ನಾಲ್ಕು ರೂಪಾಯಿ ಬಡ್ಡಿ ಮರ್ಯಾದಸ್ಥ ಲಕೋಟೆಯಲ್ಲಿ ಮನೆಗೆ ಬರುತ್ತಿದೆ. ಇದಕ್ಕೆ ಮೇಲ್ಮಿತಿಯೂ ಇಲ್ಲ. ಶೇ 30ಕ್ಕಿಂತ ಹೆಚ್ಚು ವಸೂಲಿ ಮಾಡುವುದು ಅನುಚಿತ ವ್ಯಾಪಾರ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಇನ್ನು ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತ. 60,000 ರೂಪಾಯಿ ಬಾಕಿಗೆ ಶೇ 5ರಂತೆ 3,000 ಕಟ್ಟಿದರೆ, ಅದರಲ್ಲಿ 2,478 ರೂಪಾಯಿ ಬಡ್ಡಿಗೂ ತೆರಿಗೆಗೂ ಹೋಗಿ ಅಸಲಿಗೆ ಇಳಿಯುವುದು 522. ತಿಂಗಳು ತಿಂಗಳೂ ತಪ್ಪದೆ ಕಟ್ಟಿದ ಸಮಾಧಾನ ಇರುತ್ತದೆ, ಸಾಲ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಬಡ್ಡಿಯಷ್ಟೇ ಮುಖ್ಯವಾದದ್ದು ತಾರೀಖು. ಮಂಡ್ಯ ಸೀಮೆಯಲ್ಲಿ ಬಹುಶಃ ಬಡ್ಡಿಗಿಂತಲೂ ಹೆಚ್ಚು. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವಂಥದ್ದು. ಮಾಕವಳ್ಳಿಯ ಕಾರ್ಖಾನೆಗಾಗಲಿ ಪಾಂಡವಪುರಕ್ಕಾಗಲಿ ಕಬ್ಬು ಹೋದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಕಾಗದದ ಮೇಲೆ ರೈತನಿಗೆ ಸಲ್ಲಬೇಕಾದ ಬಡ್ಡಿ ಹದಿನೈದು. ಅದೇ ಮನೆ ಕಾರ್ಡಿಗೆ ಕಟ್ಟುವ ಬಡ್ಡಿ ತೆರಿಗೆ ಬಿಟ್ಟೇ ನಲವತ್ತೆರಡು. ಮೊದಲನೆಯದು ಬಂದಾಗ ಬರುತ್ತದೆ, ಎರಡನೆಯದು ಹೇಳಿದ ದಿನಕ್ಕೆ ಹೋಗಲೇಬೇಕು. ತೆಂಗು ಕೊಯ್ಲಿಗೆ ತಕ್ಕಂತೆ ಹಣ, ಡೈರಿ ಬಟವಾಡೆ ಆಗಾಗ ಸಣ್ಣ ಮೊತ್ತದಲ್ಲಿ, ಸಂಬಳ ತಿಂಗಳ ಮೊದಲಿಗೆ. ಸಂಘದ ಕಂತು ವಾರಕ್ಕೋ ಹದಿನೈದು ದಿನಕ್ಕೋ ತಿಂಗಳಿಗೋ ಬಾಗಿಲಿಗೇ ಬರುತ್ತದೆ. ಬೆಳೆಯ ಮೇಲೆ ಬದುಕುವ ಮನೆ ವಾರದ ಕಂತಿನ ಸಾಲ ಮಾಡಿದಾಗ ಬಡ್ಡಿ ಎಷ್ಟೇ ಕಡಿಮೆಯಿದ್ದರೂ ಕಂತು ಕಟ್ಟಲು ಇನ್ನೊಂದು ಸಾಲ ಬೇಕೇ ಬೇಕಾಗುತ್ತದೆ. ಆದ್ದರಿಂದ ನನ್ನ ಪುಟದಲ್ಲಿ ಸಾಲಗಳನ್ನು ಮೊತ್ತದ ಕ್ರಮದಲ್ಲಿ ಬರೆಯುವುದಿಲ್ಲ, ಕಟ್ಟಬೇಕಾದ ದಿನದ ಕ್ರಮದಲ್ಲಿ ಬರೆಯುತ್ತೇನೆ. ಪಕ್ಕದಲ್ಲೇ ಆ ದಿನಕ್ಕೆ ಯಾವ ಹಣ ಬರುತ್ತದೆ ಎಂದು. ಪಕ್ಕದ ಕಾಲಂ ಖಾಲಿ ಇರುವ ಸಾಲವೇ ಅಪಾಯದ್ದು, ಅದು ಐದು ಸಾವಿರದ್ದಾದರೂ ಸರಿ. ಕಾರ್ಡಿನ ವಿಷಯದಲ್ಲಿ ಇದನ್ನು ಸರಿಪಡಿಸಲು ದಾರಿಯೂ ಇದೆ, ಬಹಳ ಜನ ಬಳಸುವುದಿಲ್ಲ ಅಷ್ಟೆ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳ ಪ್ರಕಾರ ಬಿಲ್ಲಿಂಗ್ ಅವಧಿಯನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಹಕ್ಕು ಕಾರ್ಡುದಾರರಿಗಿದೆ. ಮೂರು ಕಾರ್ಡಿನ ಬಿಲ್ಲೂ ಸಂಬಳ ಬಂದ ವಾರದೊಳಗೆ ಬೀಳುವಂತೆ ಮಾಡಿಕೊಂಡರೆ ಅರ್ಧ ಗೊಂದಲ ಮುಗಿಯಿತು. ಬಿಲ್ ತಯಾರಾಗುವ ದಿನ ಬೇರೆ, ಕಟ್ಟಬೇಕಾದ ದಿನ ಬೇರೆ, ಇವೆರಡನ್ನೂ ಬರೆದಿಡಬೇಕು. ಪೂರ್ತಿ ಕಟ್ಟದೆ ಬಾಕಿ ಉಳಿಸಿದ ತಿಂಗಳು ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಹೋಗುತ್ತವೆ, ಕಾರ್ಡಿನಿಂದ ನಗದು ತೆಗೆದರಂತೂ ಆ ದಿನದಿಂದಲೇ ಬಡ್ಡಿ ಶುರು.

ಇಲ್ಲಿಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಬರುತ್ತದೆ: ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಕಡಿಮೆ ಬಡ್ಡಿಯಲ್ಲಿ ಸಾಗಿಸುವ ವ್ಯವಸ್ಥೆ. ಇದು ಮೋಸ ಎನ್ನುವವರ ಜೊತೆ ನಾನಿಲ್ಲ. ಅದೇ 60,000ವನ್ನು ಉದಾಹರಣೆಗೆ ತೆಗೆದುಕೊಂಡು, ಹೊಸ ಕಾರ್ಡಿನಲ್ಲಿ ಆರು ತಿಂಗಳಿಗೆ ಮಾಸಿಕ ಶೇ 1.5 ಬಡ್ಡಿ, ಶೇ 2 ಪ್ರೊಸೆಸಿಂಗ್ ಶುಲ್ಕ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಸುಮಾರು 10,500 ರೂಪಾಯಿ ಕಂತು. ಆರು ತಿಂಗಳಿಗೆ ಬಡ್ಡಿ, ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 5,200ರ ಹತ್ತಿರ ಖರ್ಚು. ಹಳೆಯ ಕಾರ್ಡಿನಲ್ಲೇ ಇಟ್ಟು ಅದೇ ಆರು ತಿಂಗಳಲ್ಲಿ ತೀರಿಸಿದ್ದರೆ 8,900. ಉಳಿತಾಯ 3,700 ರೂಪಾಯಿ. ನಿಜವಾದ ಹಣ, ಬಿಡಬೇಕಾಗಿಲ್ಲ. ಆದರೆ ಈ ಉಳಿತಾಯ ತಿಂಗಳಿಗೆ ಹತ್ತೂವರೆ ಸಾವಿರ ಕಟ್ಟಬಲ್ಲವನಿಗೆ ಮಾತ್ರ. ಮೂರು ಸಾವಿರದ ಕನಿಷ್ಠ ಮೊತ್ತಕ್ಕೇ ಒದ್ದಾಡುತ್ತಿದ್ದವನು ಹತ್ತೂವರೆ ಸಾವಿರದ ಕಂತಿಗೆ ಒಪ್ಪಿಕೊಂಡರೆ ಎರಡನೆಯ ತಿಂಗಳಿಗೇ ತಪ್ಪುತ್ತಾನೆ, ರಿಯಾಯಿತಿ ದರವೂ ಕೈತಪ್ಪಬಹುದು. ಅದಕ್ಕಿಂತ ದೊಡ್ಡ ಅಪಾಯ ಹಳೆಯ ಕಾರ್ಡಿನದು. ಬಾಕಿ ಹೊರಟುಹೋದ ಕೂಡಲೇ ಅದರಲ್ಲಿ 60,000ದ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ಹಬ್ಬ, ಮದುವೆ, ಆಸ್ಪತ್ರೆ ಯಾವುದಾದರೊಂದು ಬಂದೇ ಬರುತ್ತದೆ. ಆರು ತಿಂಗಳಾದ ಮೇಲೆ ಮೂರು ಸಾವಿರದೇಳುನೂರು ಉಳಿಸಿದ ಮನೆಯಲ್ಲಿ ಅರವತ್ತು ಸಾವಿರ ಹೊಸ ಸಾಲ ಇರುತ್ತದೆ. ಸಾಲ ಸರಿಸಿದ ದಿನ ಹಳೆಯ ಕಾರ್ಡಿನ ಮಿತಿಯನ್ನು ಇಳಿಸಲು ಬರೆದುಕೊಡದಿದ್ದರೆ ಸರಿಸಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೆಸರು ಹೊಸದಾದರೂ ಈ ಕೆಲಸ ನಮ್ಮ ಕಡೆ ಹಳೆಯದು. ಸೊಸೈಟಿ ಸಾಲದ ಗಡುವು ಬಂದಾಗ ನಾಲ್ಕು ದಿನಕ್ಕೆ ಯಾರಿಂದಲೋ ಬಡ್ಡಿಗೆ ತಂದು ಕಟ್ಟಿ, ಹೊಸ ಸಾಲ ಮಂಜೂರಾದ ಮೇಲೆ ಅವರಿಗೆ ಹಿಂತಿರುಗಿಸುವುದು ಪ್ರತಿ ವರ್ಷದ ದೃಶ್ಯ. ಒಂದು ಕಡೆ ಬಿಡಿಸಿದ ಚಿನ್ನವನ್ನು ಗ್ರಾಂಗೆ ಹೆಚ್ಚು ಕೊಡುವ ಇನ್ನೊಂದು ಕಡೆ ಇಡುವುದು, ಒಂದು ಸಂಘದ ಕಂತಿಗೆ ಮತ್ತೊಂದು ಸಂಘದಲ್ಲಿ ಎತ್ತುವುದು, ಎಲ್ಲವೂ ಬ್ಯಾಲೆನ್ಸ್ ಟ್ರಾನ್ಸ್‌ಫರೇ. ಇವುಗಳಲ್ಲಿ ಮೊದಲನೆಯದನ್ನು ನಾನು ಸಮರ್ಥಿಸುತ್ತೇನೆ: ನಾಲ್ಕು ದಿನದ ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿಯೆಂದರೂ ಲಕ್ಷಕ್ಕೆ 400 ರೂಪಾಯಿ, ಶೂನ್ಯ ಬಡ್ಡಿಯ ಅರ್ಹತೆ ಉಳಿಯುತ್ತದೆ. ಗ್ರಾಂಗೆ ಹೆಚ್ಚು ಕೊಡುವ ಕಡೆಗೆ ಚಿನ್ನ ಸಾಗಿಸುವುದು ಹಾಗಲ್ಲ. ಅಲ್ಲಿ ಕೈಗೆ ಬರುವ ಹೆಚ್ಚುವರಿ ಹಣವೇ ಹೊಸ ಸಾಲ. ಇನ್ನು ಲೆಕ್ಕದಲ್ಲಿ ಚೆನ್ನಾಗಿ ಕಾಣುವ, ಬಹಳ ಜನ ಕೇಳುವ ಉಪಾಯ ಒಂದಿದೆ: ಮಗನ ಕಾರ್ಡಿನ ನಾಲ್ಕು ರೂಪಾಯಿ ಬಡ್ಡಿಯ ಬಾಕಿಯನ್ನು ಅಪ್ಪನ ಕಿಸಾನ್ ಕಾರ್ಡಿನಿಂದ ಅಥವಾ ಅಮ್ಮನ ಚಿನ್ನದಿಂದ ತೀರಿಸಿಬಿಡುವುದು. ಬಡ್ಡಿ ಭಾರ ಇಳಿಯುವುದು ನಿಜ. ಆದರೆ ಕಾರ್ಡಿನ ಸಾಲಕ್ಕೆ ಅಡಮಾನವಿರಲಿಲ್ಲ, ಈಗ ಅದಕ್ಕೆ ಅಮ್ಮನ ಸರ ಹೊಣೆಯಾಯಿತು. ಬೆಳೆ ಸಾಲ ಕಾರ್ಡಿಗೆ ಹೋದರೆ ಮುಂಗಾರಿನಲ್ಲಿ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಬೇಕು, ಉದ್ರಿಯ ಬೆಲೆಯೇ ಬೇರೆ. ಬೆಳೆಗೆಂದು ಸರ್ಕಾರ ಬಡ್ಡಿ ತುಂಬಿಕೊಡುವ ಹಣ ಅದು ಎಂಬುದನ್ನೂ ಮರೆಯುವ ಹಾಗಿಲ್ಲ. ಚಿನ್ನದಿಂದ ತೀರಿಸುವುದಕ್ಕೆ ನನ್ನ ಒಪ್ಪಿಗೆ ಒಂದೇ ಸಂದರ್ಭದಲ್ಲಿ: ಬಿಡಿಸುವ ಹಣ ಯಾವ ತಿಂಗಳು, ಎಲ್ಲಿಂದ ಎಂದು ಆ ಪುಟದಲ್ಲಿ ಆಗಲೇ ಬರೆದಿದ್ದರೆ, ಮತ್ತು ಸರದ ಒಡತಿಯೇ ಅದನ್ನು ನೋಡಿ ಒಪ್ಪಿದ್ದರೆ.

ಇಷ್ಟಕ್ಕೆಲ್ಲ ಪುಟವೇಕೆ, ಫೋನಿನಲ್ಲಿ ಸಿಬಿಲ್ ನೋಡಿದರೆ ಎಲ್ಲ ಸಾಲವೂ ಕಾಣುತ್ತದಲ್ಲ ಎಂದು ಓದಿದ ಹುಡುಗರು ಕೇಳುತ್ತಾರೆ. ನೋಡಲೇಬೇಕು, ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಮರೆತುಹೋದ ಕಾರ್ಡು, ಬೇರೆಯವರಿಗೆ ಹಾಕಿದ ಜಾಮೀನು ಅಲ್ಲಿ ಸಿಗುತ್ತವೆ. ಆದರೆ ಆ ವರದಿ ಒಬ್ಬ ವ್ಯಕ್ತಿಯದು. ಮಗನ ವರದಿಯಲ್ಲಿ ಅಮ್ಮನ ಸಂಘ ಬರುವುದಿಲ್ಲ, ಕೈಸಾಲ ಯಾರ ವರದಿಯಲ್ಲೂ ಬರುವುದಿಲ್ಲ, ಎತ್ತಿದ ಚೀಟಿಗೆ ಇನ್ನೂ ಕಟ್ಟಬೇಕಾದ ತಿಂಗಳುಗಳೂ ಬರುವುದಿಲ್ಲ. ಮನೆಯನ್ನು ಒಂದು ಘಟಕವಾಗಿ ನೋಡುವ ಪ್ರಯತ್ನ ನಿಯಮದಲ್ಲೂ ಇದೆ. ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿರ್ದೇಶನದಂತೆ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ತಿಂಗಳ ಆದಾಯದ ಅರ್ಧ ಮೀರಬಾರದು. ಆದರೆ ಅಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗನ ಕಾರ್ಡು ಆ ಲೆಕ್ಕದಿಂದ ಹೊರಗೆ, ಅಡುಗೆ ಒಂದೇ ಒಲೆಯಲ್ಲಿ ಆಗುತ್ತಿದ್ದರೂ. ಕಿರುಸಾಲ ಸಂಸ್ಥೆಗಳ ಒಕ್ಕೂಟ ಎಂಫಿನ್ 2024ರಲ್ಲಿ ಒಬ್ಬರಿಗೆ ಸಾಲ ಕೊಡಬಹುದಾದ ಸಂಸ್ಥೆಗಳನ್ನು ನಾಲ್ಕರಿಂದ ಮೂರಕ್ಕೆ ಇಳಿಸಿತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಎರಡೂ ಬೇಕಿದ್ದವು. ಬಾಗಿಲಲ್ಲಿ ನಿಂತು ಅವಮಾನ ಮಾಡುವವನನ್ನು ಕಾನೂನು ತಡೆಯಬಹುದು, ಮುಂದಿನ ಹದಿನೈದರೊಳಗೆ ಮನೆಯಿಂದ ಒಟ್ಟು ಎಷ್ಟು ಹೋಗಬೇಕು ಎಂದು ಹೇಳಿಕೊಡಲಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಸಾಲವನ್ನು ಮನೆಯವರ ಮುಂದೆ ಬಿಚ್ಚಿಡುವುದು ಸುಲಭವಲ್ಲ. ಅಪ್ಪನಿಗೆ ಮಗನ ಮುಂದೆ ಸಂಕೋಚ, ಮಗನಿಗೆ ಹೆಂಡತಿಯ ಮುಂದೆ, ಅಮ್ಮನಿಗೆ ಗಂಡನ ಕೋಪದ ಭಯ. ಬಯಲಾದರೆ ಜಗಳವಾಗುತ್ತದೆ, ಕೆಲವು ಮನೆಗಳಲ್ಲಿ ಏಟೂ ಬೀಳುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಹೊಡೆಯುವ ಗಂಡನಿರುವ ಮನೆಯಲ್ಲಿ ಹೆಂಗಸು ತನ್ನ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಳ್ಳುವುದು ಸರಿ. ಉಳಿದ ಮನೆಗಳಿಗೆ ನನ್ನ ಉತ್ತರ ಇಷ್ಟು: ಮುಚ್ಚಿಟ್ಟ ಸಾಲ ದುಬಾರಿಯೇ ಆಗುತ್ತದೆ, ಏಕೆಂದರೆ ಗುಟ್ಟಾಗಿ ಸಿಗುವ ಸಾಲಗಳೆಲ್ಲ ಹೆಚ್ಚು ಬಡ್ಡಿಯವು. ಮೂರು ಸಂಘದಲ್ಲಿ ಸಾಲವೆತ್ತಿ ಮಗನ ಕಾರ್ಡಿಗೆ ಕೊಟ್ಟ ತಾಯಿ, ಅದೇ ವಾರ ಸೊಸೈಟಿಯಲ್ಲಿ ತನಗೆ ಸಿಗಬಹುದಾಗಿದ್ದ ಶೂನ್ಯ ಬಡ್ಡಿಯ ಸಾಲವನ್ನು ಬೇಡವೆಂದು ಬಂದ ತಂದೆ, ಒಂದೇ ಸೂರಿನಡಿ ಇರಬಹುದು. ಮೊದಲ ಸಲ ಕೂರುವಾಗ ಯಾಕೆ ಮಾಡಿದೆ ಎಂಬ ಪ್ರಶ್ನೆಯನ್ನೇ ಎತ್ತಬಾರದು. ಎಷ್ಟು, ಯಾರಿಗೆ, ಯಾವ ದಿನ, ನೂರಕ್ಕೆ ಎಷ್ಟು, ಇಷ್ಟನ್ನೇ ಬರೆಯಬೇಕು.

ಸಾಲ ಮನ್ನಾ ಆಗುತ್ತದೆ, ಅಲ್ಲಿಯವರೆಗೆ ತಳ್ಳೋಣ ಎನ್ನುವವರಿಗೂ ಒಂದು ಮಾತು. 2018ರ ಮನ್ನಾದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ 1 ಲಕ್ಷ, ಬ್ಯಾಂಕಿನ ಬೆಳೆ ಸಾಲಕ್ಕೆ 2 ಲಕ್ಷದ ಮಿತಿಯಿತ್ತು. ಅಮ್ಮನ ಸಂಘದ ಕಿರುಸಾಲ, ಮಗನ ಕ್ರೆಡಿಟ್ ಕಾರ್ಡ್ ಅದರೊಳಗೆ ಬರಲಿಲ್ಲ. ಮನ್ನಾದ ಆಸೆಯಲ್ಲಿ ಅಗ್ಗದ ಸಾಲವನ್ನು ನಿಲ್ಲಿಸಿ ದುಬಾರಿ ಸಾಲವನ್ನು ಕಟ್ಟುತ್ತಾ ಹೋದರೆ ಶೂನ್ಯ ಬಡ್ಡಿಯೂ ಹೋಗುತ್ತದೆ. ಹಾಗೆಂದು ಕಾರ್ಡುಗಳನ್ನೆಲ್ಲ ಕತ್ತರಿಸಿ ಎಸೆಯಿರಿ ಎಂದೂ ಹೇಳುವುದಿಲ್ಲ. ಪೂರ್ತಿ ಬಿಲ್ ಕಟ್ಟುವವರಿಗೆ ಒಂದು ಕಾರ್ಡು ತಿಂಗಳಿಗೂ ಮೀರಿ ಬಡ್ಡಿಯಿಲ್ಲದ ಕೈಬದಲು ಕೊಟ್ಟಂತೆ. ಒಂದನ್ನು ಉಳಿಸಿಕೊಂಡು ಉಳಿದವನ್ನು ಹೆಚ್ಚು ಬಡ್ಡಿಯದರಿಂದ ಶುರುಮಾಡಿ ತೀರಿಸುತ್ತಾ ಮುಚ್ಚುವುದು ಸರಿಯಾದ ದಾರಿ. ಅಷ್ಟು ದಿನ ಉಳಿದವಕ್ಕೆ ಕನಿಷ್ಠ ಮೊತ್ತ ತಪ್ಪಬಾರದು. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ದಂಡ ಬೀಳುತ್ತದೆ, ಕ್ರೆಡಿಟ್ ವರದಿಯಲ್ಲೂ ಸೇರುತ್ತದೆ. ಬಾಕಿ ಪೂರ್ತಿ ತೀರಿದ ಕಾರ್ಡನ್ನು ಮುಚ್ಚಲು ಬರೆದುಕೊಟ್ಟ ಏಳು ಕೆಲಸದ ದಿನಗಳೊಳಗೆ ಬ್ಯಾಂಕ್ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಕಾರ್ಡುದಾರರಿಗೆ ಕೊಡಬೇಕು. ಬರೆದುಕೊಟ್ಟ ದಿನಾಂಕವನ್ನೂ ಬ್ಯಾಂಕಿನಿಂದ ಬಂದ ಉತ್ತರವನ್ನೂ ಅದೇ ಪುಟಕ್ಕೆ ಲಗತ್ತಿಸಿಡಿ.