ಹಿಕ್ಕೆ ಹೇಳುವ ಹೆಸರು

ಮಕ್ಕಳೇ, ಹೊರನಾಡು, ಕಳಸ, ಮೂಡಿಗೆರೆ ಕಡೆಯ ಹೆಂಚಿನ ಮನೆಗಳ ಅಟ್ಟದಲ್ಲಿ ಕಪ್ಪು ಕಾಳಿನಂತಹ ಹಿಕ್ಕೆಗಳು ಬಿದ್ದಿರುವುದನ್ನು ನೀವು ನೋಡಿರಬಹುದು. ಅವೆಲ್ಲ ಇಲಿಯವೇ? ಇಲಿಯ ಹಿಕ್ಕೆ ಒಣಗಿದರೆ ಗಟ್ಟಿಯಾಗುತ್ತದೆ. ಕೀಟ ತಿನ್ನುವ ಬಾವಲಿಯ ಹಿಕ್ಕೆ ಒಣಗಿದರೆ ಸುಲಭವಾಗಿ ಪುಡಿಯಾಗುತ್ತದೆ. ಅದರಲ್ಲಿ ಕೀಟಗಳ ರೆಕ್ಕೆ, ಕಾಲುಗಳ ಚೂರುಗಳು ಮಿನುಗುತ್ತವೆ. ಆದರೆ ನೀವು ಅದನ್ನು ಮುಟ್ಟಿ ಪರೀಕ್ಷಿಸಬೇಡಿ. ಕಾರಣವನ್ನು ಮುಂದೆ ಓದುವಿರಿ.

ಹಿಕ್ಕೆ ಬಾವಲಿಯದೆಂದು ತಿಳಿಯಿತು. ಯಾವ ಬಾವಲಿಯದು? ಭಾರತದಲ್ಲಿ 120ಕ್ಕೂ ಹೆಚ್ಚು ಪ್ರಭೇದದ ಬಾವಲಿಗಳಿವೆ. ಕೆಲವು ಎಷ್ಟು ಹೋಲುತ್ತವೆಂದರೆ ತಜ್ಞರಿಗೂ ಗುರುತಿಸುವುದು ಕಷ್ಟ. ಬಲೆ ಹಾಕಿ ಹಿಡಿದು ನೋಡಬಹುದು. ಆದರೆ ಹಿಡಿದಾಗ ಅವು ಹೆದರುತ್ತವೆ. ಪದೇ ಪದೇ ತೊಂದರೆಯಾದರೆ ವಾಸಸ್ಥಾನವನ್ನೇ ಬಿಟ್ಟು ಹೋಗಬಹುದು. ಹೆಚ್ಚಿನ ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುವುದರಿಂದ ಕಡಿಮೆಯಾದ ಸಂಖ್ಯೆ ಬೇಗ ತುಂಬುವುದಿಲ್ಲ. ಇಂತಹ ಕಡೆ ಹಿಕ್ಕೆ ನೆರವಿಗೆ ಬರುತ್ತದೆ.

ಹಿಕ್ಕೆಯಲ್ಲಿ ಏನಿದೆ?

ಆಹಾರ ಕರುಳಿನಲ್ಲಿ ಸಾಗುವಾಗ ಕರುಳಿನ ಒಳಪದರದ ಕೆಲವು ಜೀವಕೋಶಗಳು ಕಳಚಿ ಅದರೊಂದಿಗೆ ಹೊರಬರುತ್ತವೆ. ಆ ಜೀವಕೋಶಗಳಲ್ಲಿ ಡಿ.ಎನ್.ಎ. ಇರುತ್ತದೆ. ಡಿ.ಎನ್.ಎ.ಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ ಎಂದುಕೊಳ್ಳಿ. ಈ ಬರಹದ ಕೆಲವು ಭಾಗಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತವೆ. ಅಂಗಡಿಯ ಸಾಬೂನಿನ ಮೇಲೆ ಕಪ್ಪು ಗೆರೆಗಳ ಬಾರ್‌ಕೋಡ್ ಇರುತ್ತದಲ್ಲವೇ? ಹಾಗೆಯೇ ಡಿ.ಎನ್.ಎ.ಯ ಒಂದು ಸಣ್ಣ ಭಾಗವನ್ನು ಪ್ರಾಣಿಗಳ ಬಾರ್‌ಕೋಡ್ ಆಗಿ ಬಳಸಬಹುದು ಎಂದು 2003ರಲ್ಲಿ ಕೆನಡಾದ ವಿಜ್ಞಾನಿ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಸೂಚಿಸಿದರು.

ಪರೀಕ್ಷೆ ಹೇಗೆ?

1. ಕೈಗವಸು, ಮುಖಗವಸು ಧರಿಸಿದ ಸಂಶೋಧಕರು ಬಾವಲಿಗಳು ನೇತಾಡುವ ಜಾಗದ ಕೆಳಗೆ ಶುಭ್ರವಾದ ಹಾಳೆ ಹಾಸುತ್ತಾರೆ. ತಾಜಾ ಹಿಕ್ಕೆಯನ್ನು ಚಿಮಟದಿಂದ ಎತ್ತಿ ಪುಟ್ಟ ನಳಿಕೆಯಲ್ಲಿಡುತ್ತಾರೆ. ಬಿಸಿಲು, ತೇವಕ್ಕೆ ಡಿ.ಎನ್.ಎ. ತುಂಡಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಬಗ್ಗೆ ಹೆಚ್ಚು ಎಚ್ಚರ ಬೇಕು.

2. ಪ್ರಯೋಗಾಲಯದಲ್ಲಿ ಹಿಕ್ಕೆಯಿಂದ ಡಿ.ಎನ್.ಎ.ಯನ್ನು ಬೇರ್ಪಡಿಸುತ್ತಾರೆ.

3. ಅದು ಅತಿ ಸ್ವಲ್ಪವಿರುವುದರಿಂದ ಪಿ.ಸಿ.ಆರ್. ವಿಧಾನದಲ್ಲಿ ಬೇಕಾದ ಭಾಗದ ಪ್ರತಿಗಳನ್ನು ಮಾಡುತ್ತಾರೆ. ಪ್ರತಿ ಸುತ್ತಿಗೂ ಪ್ರತಿಗಳು ಎರಡರಷ್ಟಾಗುತ್ತವೆ: 1, 2, 4, 8... ಹತ್ತನೆಯ ಸುತ್ತಿಗೆ 1,024. ಮೂವತ್ತನೆಯ ಸುತ್ತಿಗೆ 107 ಕೋಟಿಗೂ ಹೆಚ್ಚು! ಹಿಕ್ಕೆಯಲ್ಲಿ ಬಾವಲಿ ತಿಂದ ಕೀಟಗಳ ಡಿ.ಎನ್.ಎ.ಯೂ ಇರುತ್ತದೆ. ಆದ್ದರಿಂದ ಬಾವಲಿಯ ಭಾಗವನ್ನೇ ಆರಿಸುವಂತೆ ಪರೀಕ್ಷೆಯನ್ನು ರೂಪಿಸುತ್ತಾರೆ.

4. ಅಕ್ಷರಗಳ ಸಾಲನ್ನು ಓದಿ, ಈಗಾಗಲೇ ಗುರುತಿಸಿದ ಬಾವಲಿಗಳ ಸಾಲುಗಳೊಂದಿಗೆ ಹೋಲಿಸುತ್ತಾರೆ. ಹೊಂದಿಕೆಯಾದರೆ ಹೆಸರು ಸಿಗುತ್ತದೆ.

ಪೂರ್ತಿ ಬಾರ್‌ಕೋಡ್‌ನಲ್ಲಿ ಸುಮಾರು 650 ಅಕ್ಷರಗಳಿವೆ. 2016ರಲ್ಲಿ ಅಮೆರಿಕದ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸುಮಾರು 200 ಅಕ್ಷರಗಳ ತುಣುಕಿನಿಂದಲೇ ಅನೇಕ ಬಾವಲಿಗಳನ್ನು ಹಿಕ್ಕೆಯ ಮೂಲಕ ಗುರುತಿಸಬಹುದೆಂದು ತೋರಿಸಿದರು.

ಆದರೆ ಈ ಬಾರ್‌ಕೋಡ್ ಎಷ್ಟು ಬಾವಲಿಗಳಿವೆ ಎಂದು ಹೇಳುವುದಿಲ್ಲ. ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸಲು ಡಿ.ಎನ್.ಎ.ಯ ಬೇರೆ ಭಾಗಗಳನ್ನು ಓದಬೇಕು. ನಮ್ಮ ಬಂಡೀಪುರದಲ್ಲಿ ವಿಜ್ಞಾನಿಗಳು ಹುಲಿಗಳ ಮಲದಿಂದ ಹೀಗೆ ಒಂದೊಂದು ಹುಲಿಯನ್ನೂ ಗುರುತಿಸಿ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡಿದರು. 2009ರಲ್ಲಿ ಪ್ರಕಟವಾದ ಆ ಲೆಕ್ಕ ಕ್ಯಾಮೆರಾಗಳಿಂದ ದೊರೆತ ಲೆಕ್ಕಕ್ಕೆ ಬಹಳ ಹತ್ತಿರವಿತ್ತು.

ಹೆಸರು ತಿಳಿದರೆ ಏನು ಲಾಭ?

ಕೋಲಾರ ಜಿಲ್ಲೆಯ ಹನುಮನಹಳ್ಳಿಯನ್ನು ನೋಡಿ. ಅಲ್ಲಿಯ ಬಂಡೆಗಳ ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ವಾಸಿಸುತ್ತದೆ. 1994ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಲಾಯಿತು. ಹತ್ತಿರದ ತೇರಹಳ್ಳಿಯಲ್ಲಿದ್ದವು ಕಣ್ಮರೆಯಾದವು. ಉಳಿದಿರುವುದು ಸುಮಾರು 200ಕ್ಕೂ ಕಡಿಮೆ ಎಂದು ಅಂದಾಜು. ಕಲ್ಲು ಗಣಿಗಾರಿಕೆ ಅವುಗಳಿಗೆ ದೊಡ್ಡ ಅಪಾಯವಾಗಿತ್ತು. ಅಲ್ಲಿರುವುದು ಅಪರೂಪದ ಪ್ರಭೇದವೆಂದು ತಿಳಿದಿದ್ದರಿಂದಲೇ ಅರಣ್ಯ ಇಲಾಖೆ ಗುಹೆಯ ಸುತ್ತ ಸುಮಾರು 30 ಎಕರೆ ಜಾಗವನ್ನು ರಕ್ಷಣೆಗೆ ಒಳಪಡಿಸಿತು. ಹೆಸರೇ ತಿಳಿಯದಿದ್ದರೆ, ಒಂದು ಪ್ರಭೇದ ಅಳಿದುಹೋದರೂ ನಮಗೆ ಗೊತ್ತಾಗುವುದಿಲ್ಲ.

ಬಾವಲಿ ಅಪಶಕುನವೆಂದು ಕಲ್ಲೆಸೆಯುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯೂ ಹಣ್ಣು ತಿನ್ನುವ ಬಾವಲಿಗಳನ್ನು ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಹಣ್ಣುಬಾವಲಿಗಳು ಕಾಡಿನ ಬೀಜಗಳನ್ನು ಹರಡುತ್ತವೆ. ಚಿಕ್ಕ ಬಾವಲಿಗಳು ರಾತ್ರಿಯಿಡೀ ಗದ್ದೆ, ತೋಟಗಳ ಮೇಲೆ ಕೀಟಗಳನ್ನು ಹಿಡಿಯುತ್ತವೆ.

ಎಚ್ಚರಿಕೆ: ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ ಇರಬಹುದು. ಹಿಕ್ಕೆಯನ್ನು ಗುಡಿಸಬೇಡಿ. ಬಾವಲಿಯನ್ನು ಮುಟ್ಟಬೇಡಿ. ಅದು ಕಚ್ಚಿದ ಹಣ್ಣನ್ನು ತಿನ್ನಬೇಡಿ.

ಮಾಡಿ ನೋಡಿ: ಬಾವಲಿಗಳು ಹೊರಡುವ ಜಾಗ ಗೊತ್ತಿದ್ದರೆ, ಹಿರಿಯರೊಬ್ಬರ ಜೊತೆ ಮುಸ್ಸಂಜೆ ಅಂಗಳದಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಎಷ್ಟು ಹೊರಬಂದವೆಂದು ಎಣಿಸಿ. ದಿನಾಂಕ, ಸಮಯ, ಮಳೆ ಇತ್ತೇ ಇಲ್ಲವೇ ಎಂಬುದನ್ನು ಬರೆದಿಡಿ. ಪ್ರತಿ ತಿಂಗಳೂ ಹೀಗೆ ಎಣಿಸಿ. ಯಾವ ತಿಂಗಳು ಸಂಖ್ಯೆ ಕಡಿಮೆಯಾಯಿತು? ಏಕಿರಬಹುದು? ತರಗತಿಯಲ್ಲಿ ಚರ್ಚಿಸಿ.