ನಾವು ಡೇರೆ ಹಾಕುವ ಸರೋವರದ ನೀರಿನ ಲೆಕ್ಕ



ಬೇಸಿಗೆ ರಜೆ ಬಂತೆಂದರೆ ಹರ್ಟ್ಸೋಗೆನಾವ್‌ರಾಕ್, ಎರ್ಲಾಂಗನ್ ಕಡೆಯಿಂದ ಡೇರೆ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬ್ರೋಂಬಾಖ್ ಸರೋವರಕ್ಕೆ ಹೊರಡುವವರುಂಟು. ನ್ಯೂರೆಂಬರ್ಗಿನ ದಕ್ಷಿಣಕ್ಕಿರುವ ಆ ನೀರು, ಮರಳಿನ ದಡ, ಪೈನ್ ಕಾಡು ನೋಡಿದರೆ ಎಷ್ಟೋ ಸಾವಿರ ವರ್ಷಗಳಿಂದ ಹಾಗೇ ಇದೆ ಅನಿಸುತ್ತದೆ. ಆದರೆ ಅದು ನಮ್ಮ ಕನ್ನಂಬಾಡಿಯ ಹಾಗೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ದೊಡ್ಡ ಸರೋವರ ಪೂರ್ಣಗೊಂಡದ್ದು 2000ದಲ್ಲಿ.

ಕಟ್ಟಿದ್ದೇಕೆ? ಬವೇರಿಯಾದ ದಕ್ಷಿಣಕ್ಕೆ ಆಲ್ಪ್ಸ್ ಪರ್ವತ, ಡಾನ್ಯೂಬ್ ನದಿ. ಅಲ್ಲಿ ನೀರಿಗೆ ಬರವಿಲ್ಲ. ನಾವಿರುವ ಫ್ರಾಂಕೋನಿಯಾ ಒಣಪ್ರದೇಶ. ನಡುವೆ ಒಂದು ದಿಬ್ಬ. ಅದರ ಆಚೆ ಬಿದ್ದ ಮಳೆ ಡಾನ್ಯೂಬ್ ಹಿಡಿದು ಕಪ್ಪು ಸಮುದ್ರಕ್ಕೆ, ಈಚೆ ಬಿದ್ದದ್ದು ಮೈನ್, ರೈನ್ ಹಿಡಿದು ಉತ್ತರ ಸಮುದ್ರಕ್ಕೆ. ಆಚೆಯ ನೀರನ್ನು ಈಚೆಗೆ ತರಬೇಕೆಂದು ಬವೇರಿಯಾ ವಿಧಾನಸಭೆ 1970ರಲ್ಲಿ ತೀರ್ಮಾನಿಸಿತು. ನಮ್ಮ ಎತ್ತಿನಹೊಳೆ ಯೋಜನೆ ನೆನಪಾಯಿತಲ್ಲವೇ?

ದಾರಿ ಎರಡು. ಮೊದಲನೆಯದರಲ್ಲಿ ಡಾನ್ಯೂಬ್ ಕಡೆಯ ನೀರನ್ನು ಮೈನ್-ಡಾನ್ಯೂಬ್ ಕಾಲುವೆಯ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಪಂಪು ಮಾಡಿ ರೋಟ್ ಸರೋವರಕ್ಕೆ ತುಂಬುತ್ತಾರೆ. ಎರಡನೆಯದರಲ್ಲಿ ಆಲ್ಟ್‌ಮ್ಯೂಲ್ ನದಿಯ ಪ್ರವಾಹದ ನೀರು ಆಲ್ಟ್‌ಮ್ಯೂಲ್ ಸರೋವರದಲ್ಲಿ ನಿಂತು, ಕಾಲುವೆ ಮತ್ತು ಸುರಂಗದಲ್ಲಿ ದಿಬ್ಬ ದಾಟಿ, ಪಂಪಿಲ್ಲದೆ ತಾನಾಗಿಯೇ ಬ್ರೋಂಬಾಖಿಗೆ ಹರಿಯುತ್ತದೆ. ಎರಡೂ ಸೇರಿ ವರ್ಷಕ್ಕೆ ಸುಮಾರು 15 ಕೋಟಿ ಘನ ಮೀಟರ್. ನಮ್ಮೂರ ಲೆಕ್ಕದಲ್ಲಿ 5 ಟಿ.ಎಂ.ಸಿ.ಗೆ ತುಸು ಹೆಚ್ಚು, ಎತ್ತಿನಹೊಳೆಯದು 24.

ನನಗೆ ಹಿಡಿಸಿದ್ದು ಇದರ ನಿಯಮ. ಆಲ್ಟ್‌ಮ್ಯೂಲ್ ತುಂಬಿ ಹರಿಯುವಾಗ ಮಾತ್ರ ತೆಗೆದುಕೊಳ್ಳಬೇಕು. ಡಾನ್ಯೂಬ್ ಬತ್ತಿದ್ದರೆ ಪಂಪು ನಿಲ್ಲಿಸಬೇಕು. ಕೊಡುವ ನದಿಗೂ ಒಂದು ಹಕ್ಕಿದೆ ಎಂದು ಮೊದಲೇ ಬರೆದಿಟ್ಟಿದ್ದಾರೆ. ಹಾಗೆಂದು ಯಾರಿಗೂ ನಷ್ಟವಾಗಲಿಲ್ಲ ಎಂದಲ್ಲ. ಬ್ರೋಂಬಾಖ್ ಕಣಿವೆಯ ಹಳೆಯ ಹಿಟ್ಟಿನ ಗಿರಣಿಗಳು, ಗದ್ದೆಗಳು ಮುಳುಗಿದವು. ಲಿಂಗನಮಕ್ಕಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದಿರುವ ಮಾಂಡ್ಲೆಸ್‌ಮ್ಯೂಲೆ ಎಂಬ ಗಿರಣಿಯಲ್ಲಿ ಈ ಯೋಜನೆಯ ಮಾಹಿತಿ ಕೇಂದ್ರವಿದೆ. ಮಕ್ಕಳನ್ನು ಖಂಡಿತ ಕರೆದೊಯ್ಯಿರಿ.

ಒಣ ಬೇಸಿಗೆಯಲ್ಲಿ ದೊಡ್ಡ ಸರೋವರದ ದಡ ಹಿಂದೆ ಸರಿದಿದ್ದರೆ ಗಾಬರಿ ಬೇಡ. ಆ ನೀರು ರೆಡ್ನಿಟ್ಸ್ ಸೇರಿ, ಎರ್ಲಾಂಗನ್ನಿನಲ್ಲಿ ನಾವು ಸೈಕಲ್ ಹೊಡೆಯುವ ರೆಗ್ನಿಟ್ಸ್ ನದಿಯಾಗಿ ಹರಿಯುತ್ತಿರುತ್ತದೆ.

ಡೇರೆಯನ್ನು ಕಂಡಕಂಡಲ್ಲಿ ಹಾಕುವಂತಿಲ್ಲ. ಚಿಕ್ಕ ಸರೋವರದ ಬಳಿ ಲಾಂಗ್‌ಲಾವ್‌ನಲ್ಲಿ ಕ್ಯಾಂಪಿಂಗ್ ಜಾಗವಿದೆ, ಮುಂಚೆಯೇ ಕಾದಿರಿಸಿ. ಕಾರಿಲ್ಲದವರು ನ್ಯೂರೆಂಬರ್ಗಿನಿಂದ ಪ್ಲೈನ್‌ಫೆಲ್ಡಿಗೆ ಬಂದು, ಗುನ್ಸೆನ್‌ಹೌಸನ್ ರೈಲು ಹತ್ತಿ ಲಾಂಗ್‌ಲಾವ್‌ನಲ್ಲೇ ಇಳಿಯಬಹುದು.