ಮನೆ ಮಂಜೂರಾತಿಗೆ ಮೊದಲ ಕಾಗದ ಯಾವುದು?

ವಸತಿ ಯೋಜನೆಗಳು ಇರುವುದು ಮನೆ ಇಲ್ಲದವರಿಗಾಗಿ. ಆದರೆ ಅರ್ಜಿಯ ಜೊತೆ ಕೇಳುವ ದಾಖಲೆಗಳ ಪಟ್ಟಿ ನೋಡಿದರೆ, ಅವನ್ನು ಸುಲಭವಾಗಿ ಒದಗಿಸುವವರು ಆಗಲೇ ಒಂದು ಜಾಗ, ಒಂದು ವಿಳಾಸ ಇದ್ದವರು. ಕಲಬುರಗಿ ಜಿಲ್ಲೆಯ ತೆಂಗಳಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎಷ್ಟೋ ಕುಟುಂಬಗಳು ಬೇರೆಯವರ ಹೊಲದ ಬದುವಿನಲ್ಲಿ, ಸರ್ಕಾರಿ ಜಾಗದಲ್ಲಿ, ಅಣ್ಣತಮ್ಮಂದಿರ ಮನೆಯ ಒಂದು ಅಂಕಣದಲ್ಲಿ ಕಾಲ ಕಳೆಯುತ್ತವೆ. ಬೇಸಿಗೆ ಬಂತೆಂದರೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಇಂಥವರ ಅರ್ಜಿ ಬೀಳುವುದು ಅರ್ಹತೆ ಇಲ್ಲವೆಂದಲ್ಲ. ಯಾವುದೋ ಒಂದು ಕಾಗದ ಇನ್ನೊಂದಕ್ಕೆ ತಾಳೆಯಾಗಲಿಲ್ಲ ಎಂದು. ಆದ್ದರಿಂದ ಕಾಗದಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು ಎಂಬುದೇ ಇಲ್ಲಿ ಮುಖ್ಯ ಮಾತು.

ಹಳ್ಳಿಗಳಿಗೆ ಸಂಬಂಧಿಸಿದ ಯೋಜನೆಗಳು ಮುಖ್ಯವಾಗಿ ಮೂರು. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) 2016ರಲ್ಲಿ ಶುರುವಾಯಿತು. ಬಯಲು ಸೀಮೆಗೆ ಅದರ ಸಹಾಯಧನ 1.20 ಲಕ್ಷ ರೂಪಾಯಿ. ರಾಜ್ಯದ ಬಸವ ವಸತಿ ಯೋಜನೆಯದ್ದೂ ಅಷ್ಟೇ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ 1.75 ಲಕ್ಷ. ರಾಜ್ಯದಲ್ಲಿ ಇವನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ವಸತಿ ನಿಗಮ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಅಲೆಮಾರಿಗಳು ಮೊದಲಾದವರಿಗೆ ದೇವರಾಜ ಅರಸು ವಸತಿ ಯೋಜನೆ ಬೇರೆಯೇ ಇದೆ. ಪಂಚಾಯ್ತಿಯಲ್ಲಿ ಇದರ ಹೆಸರು ಹೇಳಿ ಕೇಳಬೇಕು, ಏಕೆಂದರೆ ತಾವಾಗಿ ಹೇಳುವವರು ಕಡಿಮೆ.

ಮೇಲಿನ ಪ್ರಶ್ನೆಗೆ ಉತ್ತರ: ಮೊದಲ ಕಾಗದ ಜಾಗದ್ದು. ಮನೆ ಕಟ್ಟುವ ನಿವೇಶನಕ್ಕೆ ಪಂಚಾಯ್ತಿ ನೀಡುವ ನಮೂನೆ 9 ಮತ್ತು 11 ಬೇಕಾಗುತ್ತದೆ. ಇವು ಇ-ಸ್ವತ್ತು ತಂತ್ರಾಂಶದಿಂದ ಬರುತ್ತವೆ. ಆಸ್ತಿ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸಾ ಬದಲಾವಣೆ ಮಾಡಿಸದೆ ಮುಂದೆ ಹೋಗುವುದು ಕಷ್ಟ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇದಕ್ಕೆ ಬೇಕು. ಮನೆಯ ಪಟ್ಟಿ ಬಿಡುವ ಕಾಲಕ್ಕೆ ಈ ಕೆಲಸ ಹಿಡಿದರೆ ಮುಗಿಯುವುದಿಲ್ಲ. ಇವತ್ತೇ ಹಿಡಿಯಿರಿ.

ಜಾಗವೇ ಇಲ್ಲದವರು ಏನು ಮಾಡಬೇಕು? ಸರ್ಕಾರಿ ಜಾಗದಲ್ಲಿ ಬಹಳ ವರ್ಷದಿಂದ ಮನೆ ಕಟ್ಟಿಕೊಂಡು ಇದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 94ಸಿ ಅಡಿ ಸಕ್ರಮಕ್ಕೆ ಅವಕಾಶವಿದೆ; ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ. ಬೇರೆಯವರ ಜಮೀನಿನಲ್ಲಿ ಬೆಳೆದ ದಾಖಲೆರಹಿತ ಜನವಸತಿಯಲ್ಲಿ ಕೃಷಿ ಕೂಲಿಕಾರರು ಮನೆ ಮಾಡಿಕೊಂಡಿದ್ದರೆ ಭೂಸುಧಾರಣಾ ಕಾಯ್ದೆಯ ಕಲಂ 38ಎ ಇದೆ. ತಾಂಡಾಗಳ ವಿಷಯದಲ್ಲಿ ನಮ್ಮ ಭಾಗದಲ್ಲೇ ದೊಡ್ಡ ಕೆಲಸವೊಂದು ನಡೆದಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿಯವರ ಸಮ್ಮುಖದಲ್ಲಿ ಸುಮಾರು 50 ಸಾವಿರ ಫಲಾನುಭವಿಗಳಿಗೆ ಹಕ್ಕುಪತ್ರ ನೀಡಿದರು. ಫಲಾನುಭವಿಗಳಲ್ಲಿ ಬಹುಪಾಲು ಲಂಬಾಣಿ ಕುಟುಂಬಗಳು. ಹಕ್ಕುಪತ್ರ ಕೈಗೆ ಬಂದವರು ಅದನ್ನು ಟ್ರಂಕಿನಲ್ಲಿ ಇಟ್ಟು ಸುಮ್ಮನಿರಬಾರದು. ಅದರ ಆಧಾರದ ಮೇಲೆ ಪಂಚಾಯ್ತಿಯಲ್ಲಿ ಖಾತೆ ಮಾಡಿಸಿಕೊಂಡು ನಮೂನೆ 9, 11 ಪಡೆದಾಗಲೇ ಮನೆಗೆ ದಾರಿ ತೆರೆಯುವುದು.

ಯಾವ ಜಾಗವೂ ಇಲ್ಲ, ಯಾವ ಕಲಮಿಗೂ ಹೊಂದುವುದಿಲ್ಲ ಎನ್ನುವವರು ನಿವೇಶನರಹಿತರ ಪಟ್ಟಿಗೆ ಲಿಖಿತ ಅರ್ಜಿ ಕೊಡಬೇಕು. ಆವಾಸ್ ಯೋಜನೆಯ ಮಾರ್ಗಸೂಚಿ ಭೂಮಿ ಇಲ್ಲದ ಫಲಾನುಭವಿಗೆ ಜಾಗ ಒದಗಿಸುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲೆ ಹೊರಿಸಿದೆ. ಸೂರೇ ಇಲ್ಲದ ಕುಟುಂಬ, ಭಿಕ್ಷೆ ಬೇಡಿ ಬದುಕುವವರು, ಕೈಯಿಂದ ಮಲ ಬಳಿಯುವ ಕೆಲಸದಲ್ಲಿದ್ದವರು, ಜೀತದಿಂದ ಬಿಡುಗಡೆಯಾದವರು ಅದರಲ್ಲಿ ತಾವಾಗಿಯೇ ಸೇರಬೇಕಾದವರು. ‘ಜಾಗ ಇಲ್ಲ, ಹಾಗಾಗಿ ಮನೆ ಇಲ್ಲ’ ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಆಶ್ರಯ ಎನ್ನುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1995ರ ಚಮೇಲಿ ಸಿಂಗ್ ಪ್ರಕರಣದಲ್ಲೇ ಹೇಳಿದೆ.

ಇನ್ನು ಆಯ್ಕೆ. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯಲ್ಲಿ, ಯಾರದೋ ಮನೆಯ ಪಡಸಾಲೆಯಲ್ಲಲ್ಲ. ಸಭೆಯ ದಿನಾಂಕವನ್ನು ಪಂಚಾಯ್ತಿ ಫಲಕದಲ್ಲಿ ನೋಡಿಕೊಳ್ಳಿ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ನಿಮ್ಮ ಹೆಸರು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಅಲ್ಲೇ ಇರಿ. ಗುಳೆ ಹೋದವರ ಹೆಸರು ಬಿಟ್ಟುಹೋಗುವುದು ಇಲ್ಲೇ. ಮನೆಯಲ್ಲಿ ಉಳಿದ ಹಿರಿಯರ ಕೈಯಲ್ಲಿ ಸಹಿ ಮಾಡಿದ ಅರ್ಜಿ, ದಾಖಲೆಗಳ ನಕಲು ಕೊಟ್ಟು ಹೋಗಿ.

ಅರ್ಜಿಯ ಜೊತೆ ಸಾಮಾನ್ಯವಾಗಿ ಕೇಳುವುದು ಪಡಿತರ ಚೀಟಿ, ಕುಟುಂಬದವರ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಚೀಟಿ, ಭಾವಚಿತ್ರ, ಪಕ್ಕಾ ಮನೆ ಇಲ್ಲವೆಂಬ ಘೋಷಣೆ. ರಾಜ್ಯದ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮಹಿಳೆಯ ಹೆಸರಿಗೇ ಮಂಜೂರಾಗುತ್ತದೆ. ತೊಡಕು ಹುಟ್ಟುವುದೂ ಅಲ್ಲೇ. ಆಧಾರಿನಲ್ಲಿ ‘ಶಾಂತಾಬಾಯಿ’, ಪಡಿತರ ಚೀಟಿಯಲ್ಲಿ ‘ಶಾಂತಮ್ಮ’, ಪಾಸ್‌ಬುಕ್ಕಿನಲ್ಲಿ ತವರಿನ ಅಡ್ಡಹೆಸರು. ಹೀಗಿದ್ದರೆ ಒಂದೇ ಹೆಣ್ಣುಮಗಳು ಕಂಪ್ಯೂಟರಿಗೆ ಮೂವರಾಗಿ ಕಾಣುತ್ತಾಳೆ, ಹಣ ಖಾತೆಗೆ ಬೀಳದೆ ವಾಪಸ್ ಹೋಗುತ್ತದೆ. ಆಧಾರಿನ ಹೆಸರನ್ನು ಮೂಲವಾಗಿ ಇಟ್ಟುಕೊಂಡು ಉಳಿದೆಲ್ಲ ಕಾಗದವನ್ನು ಅದಕ್ಕೆ ಹೊಂದಿಸಿ. ಆಧಾರಿನಲ್ಲೇ ತಪ್ಪಿದ್ದರೆ ಮೊದಲು ಅದನ್ನೇ ತಿದ್ದಿಸಿ.

ತೆಂಗಳಿಯವರಿಗೆ ಇನ್ನೊಂದು ತಲೆನೋವಿದೆ. ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿದ್ದ ಊರು ಈಗ ಕಾಳಗಿ ತಾಲ್ಲೂಕಿನಲ್ಲಿದೆ. ಹಳೆಯ ಕಾಗದದಲ್ಲಿ ಒಂದು ತಾಲ್ಲೂಕು, ಹೊಸದರಲ್ಲಿ ಇನ್ನೊಂದು. ಇದರಲ್ಲಿ ಅರ್ಜಿದಾರರ ತಪ್ಪೇನೂ ಇಲ್ಲ. ಊರು ಅದೇ ಎಂದು ಪಂಚಾಯ್ತಿಯಿಂದ ವಾಸದ ದೃಢೀಕರಣ ಬರೆಸಿ ಲಗತ್ತಿಸಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಕೇಳುವಾಗ ಸಕಾಲದ ಸ್ವೀಕೃತಿ ಸಂಖ್ಯೆ ತಪ್ಪದೆ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು 2011ರ ಸಕಾಲ ಕಾಯ್ದೆಯಲ್ಲಿದೆ. ಹಣ ಸಣ್ಣದು, ಆದರೆ ಆ ಸಂಖ್ಯೆ ಇದ್ದರೆ ಕಡತ ಕಳೆದುಹೋಗುವುದಿಲ್ಲ.

ಮಂಜೂರಾದ ಮೇಲೆ ಹಣ ಕಂತುಕಂತಾಗಿ ಬರುತ್ತದೆ. ಆವಾಸ್‌ನಲ್ಲಿ ಮಂಜೂರಾತಿ ಆದೇಶವಾದ ಏಳು ಕೆಲಸದ ದಿನಗಳೊಳಗೆ ಮೊದಲ ಕಂತು ಬರಬೇಕು, ಮನೆ 12 ತಿಂಗಳಲ್ಲಿ ಮುಗಿಯಬೇಕು. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿಸಿ, ಜಿಪಿಎಸ್ ಸಮೇತ ಫೋಟೋ ತೆಗೆಸಿದ ಮೇಲೆ ಹಣ. ಅಂದರೆ ಮೊದಲು ಖರ್ಚು, ಆಮೇಲೆ ಸಹಾಯ. ಬಡವರು ಬಡ್ಡಿ ಸಾಲಕ್ಕೆ ಬೀಳುವುದು ಈ ಹೊತ್ತಿನಲ್ಲೇ. ಸೂರಿಲ್ಲದ ಕೂಲಿಕಾರಳಿಗೆ ತಳಪಾಯವನ್ನು ನೀನೇ ಹಾಕಿಕೊಂಡು ಬಾ ಎನ್ನುವ ಈ ಕ್ರಮ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮುಂಗಡ ಕೊಡುವುದು ಸರಿ. ಅದು ಬದಲಾಗುವವರೆಗೆ ಎಚ್ಚರಿಕೆಯೊಂದೇ ದಾರಿ: ತಳಪಾಯವನ್ನು ಕೈಯಲ್ಲಿರುವ ಹಣಕ್ಕೆ ತಕ್ಕಷ್ಟೇ ಹಾಕಿ. ಆವಾಸ್‌ನಲ್ಲಿ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಸಾಕು. ಶಹಾಬಾದ್ ಕಲ್ಲು ಹತ್ತಿರದಲ್ಲೇ ಸಿಗುವ ನಾಡು ನಮ್ಮದು. ಸ್ಥಳೀಯ ಸಾಮಗ್ರಿ ಬಳಸಲು ಮಾರ್ಗಸೂಚಿಯ ಅಡ್ಡಿಯಿಲ್ಲ. ಗುತ್ತಿಗೆದಾರರನ್ನು ಹಚ್ಚುವಂತಿಲ್ಲ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ‘ನಾನೇ ಕಟ್ಟಿಸಿಕೊಡುತ್ತೇನೆ, ಪಾಸ್‌ಬುಕ್ ಕೊಡಿ’ ಎಂದು ಬರುವವರ ಕೈಗೆ ಪಾಸ್‌ಬುಕ್ಕನ್ನಾಗಲಿ, ಸಹಿ ಮಾಡಿದ ಚೆಕ್ಕನ್ನಾಗಲಿ, ಒಟಿಪಿಯನ್ನಾಗಲಿ ಕೊಡಬೇಡಿ.

ಶಹಾಬಾದ್, ವಾಡಿಯಂಥ ಪಟ್ಟಣಗಳಲ್ಲಿ ಅರ್ಜಿ ಹೋಗಬೇಕಾದದ್ದು ನಗರಸಭೆ, ಪುರಸಭೆಗೆ. ಆಯ್ಕೆಯಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಪಾತ್ರವಿದೆ. ಕಾಗಿಣಾ ನದಿ ಉಕ್ಕಿ ಮನೆ ಬಿದ್ದರೆ ಅದು ಬೇರೆ ದಾರಿ: ಅವಶೇಷ ತೆಗೆಯುವ ಮೊದಲೇ ಫೋಟೋ ತೆಗೆದುಕೊಂಡು, ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಿಗ) ಪಂಚನಾಮೆ ಬರೆಸಿ.

ಅರ್ಜಿ ತಿರಸ್ಕಾರವಾದರೆ ಬಾಯಿಮಾತಿನ ಉತ್ತರ ಒಪ್ಪಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ‘ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಆಯ್ಕೆ ಪಟ್ಟಿಯ ದೃಢೀಕೃತ ಪ್ರತಿ ಕೊಡಿ’ ಎಂದು ಒಂದು ಸಾಲು ಬರೆದರೆ ಸಾಕು. ಶುಲ್ಕ 10 ರೂಪಾಯಿ, ಬಿಪಿಎಲ್ ಚೀಟಿ ಇದ್ದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಆ ಪ್ರತಿ ಹಿಡಿದು ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ, ನಂತರ ಜಿಲ್ಲಾ ಪಂಚಾಯ್ತಿ ಸಿಇಒಗೆ ದೂರು ಕೊಡಿ. ಆವಾಸ್ ಪಟ್ಟಿಯಿಂದ ಹೆಸರು ಬಿಟ್ಟಿದ್ದರೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಯೂ ಇದೆ.

ಬರೆಯಲು ಬಾರದವರು ಹಿಂಜರಿಯಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರ ಅಡಿ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.